ಬಗ್ಗಬೇಡ

ಮೇಷ್ಟ್ರು ಹಬಾಮುಂಗು ಇವತ್ತು ಹಲಗೆಯ ಮೇಲೆ
ಮೂರು ಬೆಟ್ಟ ಬರೆದರಂತೆ.
ಒಂದು, ಕವುಚಿಟ್ಟ ಬಾಣಲೆ: ಅಗಲ, ಸೋಮಾರಿ,
ಉಕ್ಕಿದರೂ ಗಂಜಿಯ ಹಾಗೆ ಅಂಚಿನಿಂದ ಇಳಿಯುವಂಥದು.
ಇನ್ನೊಂದು, ಮೊರದಿಂದ ಸುರಿದ ಕಾಳಿನ ಗುಡ್ಡೆ,
ಒಮ್ಮೆ ಸಿಡಿದು, ಆರಿ, ಮತ್ತೆ ಬಾಯಿ ಬಿಡದ್ದು.
ಮೂರನೆಯದು ಚೂಪು. ಪದರದ ಮೇಲೆ ಪದರ,
ಸಿಟ್ಟನ್ನು ಮಡಿಚಿ ಮಡಿಚಿ ಇಟ್ಟುಕೊಂಡದ್ದು.
'ಇದೇ ನಮ್ಮ ನ್ಯಿರಗೊಂಗೊ' ಅಂತ
ಪುಸ್ತಕ ಬಿಚ್ಚಿ ತೋರಿಸುತ್ತೀಯ, ಮುಂಬೆರೆ.
ಕೆಂಪು ಬಳಪ ಮುಗಿದು ಲಾವಾಕ್ಕೆ
ಕಿತ್ತಳೆ ಬಳಿದಿದ್ದೀಯ. ಇರಲಿ, ಬಣ್ಣ ಅದೇ.

ಜಪಾನಿನಲ್ಲೂ ಇವೆಯಂತೆ, ಚಿಲಿಯಲ್ಲೂ ಇವೆಯಂತೆ,
ಕಡಲ ಸುತ್ತ ಭೂಮಿ ಬೆಂಕಿಯ ಬಳೆ ತೊಟ್ಟಿದೆಯಂತೆ.
ನಮ್ಮದು ಆ ಬಳೆಯದಲ್ಲ. ನಮ್ಮದು ಬಿಟ್ಟ ಹೊಲಿಗೆ.
ಆಫ್ರಿಕ ಎರಡಾಗಲು ಹೊರಟ ಕಡೆ, ದಾರ ಕಿತ್ತ ಕಡೆ
ನಿಂತಿದೆ ನಮ್ಮ ಗೋಮಾ,
ಒಂದು ಕಾಲು ಕಿವು ಸರೋವರದಲ್ಲಿಟ್ಟು.

ಬೆಂಕಿಯನ್ನು ಎರಡು ಸಲ ನೋಡಿದ್ದೇನೆ.
ಮೊದಲ ಸಲ ನನಗೆ ನಿನ್ನಷ್ಟೇ ವಯಸ್ಸು.
ಪೇಟೆಬೀದಿಯಲ್ಲೇ ಬಂತು,
ಅಂಗಡಿ ಅಂಗಡಿ ಹೊಕ್ಕು, ಬೆಲೆ ಕೇಳದೆ ಎಲ್ಲ ಕೊಂಡು,
ನೀರಿಗಿಳಿದು ಬುಸ್ಸೆಂದಿತು.
ಗಡಿಯಾಚೆ ರಸ್ತೆಬದಿ ಮಲಗಿದ್ದು ವಾಪಸು ಬಂದಾಗ
ಚಪ್ಪಲಿಯ ಅಟ್ಟೆ ಇನ್ನೂ ಮೆತ್ತಗಾಗುತ್ತಿತ್ತು.
ಅಪ್ಪ ಮಹಡಿಯ ಕಿಟಕಿಯನ್ನೇ ಬಾಗಿಲು ಮಾಡಿದ.
ಈಗ ನೀನು ಓಡಿ ಬರುವ ಬಾಗಿಲು ಅದೇ.
ಕೆಳಗಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರ ಇದೆ,
ಕಲ್ಲಿನೊಳಗೆ, ಸೂಜಿ ಸಮೇತ.

ಎರಡನೆಯ ಸಲ ನೀನು ನನ್ನ ಬೆನ್ನ ಮೇಲಿದ್ದೆ.
ಬಾಳೆಹಣ್ಣು ಬೇಕೆಂದು ದಾರಿಯುದ್ದಕ್ಕೂ ಅತ್ತೆ.

ಆದರೂ ಹೇಳುತ್ತೇನೆ, ಬೆಂಕಿಗೆ ಮರ್ಯಾದೆ ಇದೆ.
ಹೇಳದೆ ಬಂದರೂ ಕಾಣಿಸಿಕೊಂಡೇ ಬರುತ್ತದೆ.
ಮೇಷ್ಟ್ರು ಬರೆಯದ್ದು ಇನ್ನೊಂದಿದೆ.
ಬರೆಯುವುದು ಹೇಗೆ? ಬಣ್ಣವಿಲ್ಲ, ವಾಸನೆಯಿಲ್ಲ.
ಮಜೂಕು ಅನ್ನುತ್ತೇವೆ. ಕೆಟ್ಟ ಗಾಳಿ.
ಕಲ್ಲಿನ ಬಿರುಕಿನಿಂದ ಸೋರಿದ ಬೆಟ್ಟದ ಉಸಿರು,
ನಮ್ಮ ಗಾಳಿಗಿಂತ ಭಾರ,
ನೀರಿನ ಹಾಗೆ ತಗ್ಗು ಹುಡುಕಿ ಮಲಗುತ್ತದೆ.
ಎಲೆಯಲುಗದ ರಾತ್ರಿ ತುಂಬಿಕೊಂಡು
ಬಿಸಿಲೇರಿ ಗಾಳಿ ಬೀಸುವವರೆಗೆ ಏಳುವುದಿಲ್ಲ.
ಮೊದಲು ಹಲ್ಲಿ.
ಹಲ್ಲಿಗೆಂದು ಇಳಿದ ಹಕ್ಕಿ.
ಆಮೇಲೆ ಮೇಕೆ.
ಎತ್ತರದವರು ಹರಟುತ್ತ ದಾಟಿ ಹೋಗುತ್ತಾರೆ,
ಮೊಣಕಾಲವರೆಗೆ ಸಾವಿನಲ್ಲಿ ನಡೆದದ್ದು
ಅವರಿಗೆ ತಿಳಿಯುವುದೇ ಇಲ್ಲ.

ನಿನ್ನ ಅಮ್ಮ ನನಗಿಂತ ನಾಲ್ಕು ಬೆರಳು ಎತ್ತರ.
ಅದೊಂದು ಜಂಬ ಇತ್ತು ಅವಳಿಗೆ.
ಆ ಬೆಳಿಗ್ಗೆ ಮುಂದೆ ಹೋಗುತ್ತಿದ್ದ ಮೇಕೆ ಮಂಡಿಯೂರಿತು.
'ಕಾಲು ಉಳುಕಿರಬೇಕು ಕಣೆ' ಅಂದಳು.
ಹಗ್ಗ ಹಿಡಿಯಲು ಬಗ್ಗಿದಳು.

ತುಂಬಿದ ತೆನೆ ಬಾಗುತ್ತದೆ ಅನ್ನುತ್ತಾರೆ ಹಿರಿಯರು.
ಹಿರಿಯರಿಗೆ ಬಾಗು, ಚರ್ಚಿನಲ್ಲಿ ಬಾಗು,
ಚುಕುಡು ತಳ್ಳುವಾಗ ಏರಿನಲ್ಲಿ ಬಾಗು.
ಆದರೆ ನಸುಕಿನಲ್ಲಿ, ಆ ತಗ್ಗಿನ ಹಾದಿಯಲ್ಲಿ
ಬಗ್ಗಬೇಡ.
ಚೆಂಡು ಉರುಳಿದರೆ ಚೆಂಡು ಅದರದ್ದು.
ನಾಣ್ಯ ಬಿದ್ದರೆ ಬಿದ್ದೇ ಇರಲಿ.
ಬಿದ್ದ ಹಕ್ಕಿ ಕಣ್ಣು ಬಿಟ್ಟು ನೋಡುತ್ತಿದ್ದರೂ
ಎತ್ತಿಕೊಳ್ಳಬೇಡ.
ನಾನು ಬಿದ್ದರೆ,

ಬೇಡ. ಅದನ್ನು ಇನ್ನೊಂದು ದಿನ ಹೇಳುತ್ತೇನೆ.

ನೀರಿಗೆ ನಾನೂ ಬರುತ್ತೇನೆ, ಹಳದಿ ಡಬ್ಬ ನೀನು ಹಿಡಿ.
ಮಾರುದ್ದದ ಕೋಲಿನ ತುದಿಗೆ ಲಾಟೀನು ಕಟ್ಟಿ
ನೆಲದುದ್ದಕ್ಕೂ ಮುಂದೆ ನಡೆಸುತ್ತೇನೆ, ಕುರುಡರ ಹಾಗೆ.
ದೀಪ ಆರಿದರೆ ಮಾತಾಡದೆ ಹಿಂದಕ್ಕೆ.
ತಗ್ಗು ಬಂದರೆ ನನ್ನ ಹೆಗಲು.

ಈಗ ಬಾ, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲು.
ಹಿಮ್ಮಡಿ ಎತ್ತಬೇಡ ಕಳ್ಳ, ಕಾಣುತ್ತದೆ.
ಹೋದ ತಿಂಗಳ ಗೆರೆಗಿಂತ ಅರ್ಧ ಬೆರಳು ಮೇಲೆ.
ಇನ್ನೆಷ್ಟು ಬೇಕು ಅಂತೀಯ?
ಬಹಳ ಬೇಕು.
ತಟ್ಟೆಯಲ್ಲಿ ಸೊಂಬೆ ಸೊಪ್ಪು ಹಾಗೇ ಇದೆ,
ತಿನ್ನು.