ಏಳನೇ ಕಲಮು

ಬೋಟ್ಸ್‌ಫ್ಯೋರ್ಡಿನ ಮೀನು ಕಾರ್ಖಾನೆಯಲ್ಲಿ
ಹನ್ನೊಂದು ಡಿಸೆಂಬರು ಅವಳ ಫಾರಮು ತುಂಬಿದವನು ನಾನು.
ಏಳನೇ ಕಲಮು: ನಾಯಕತ್ವದ ಗುಣ.
‘ಕಂಡುಬಂದಿಲ್ಲ’ ಎಂದು ಬರೆದು
ಕಾಫಿ ಆರುವ ಮೊದಲೇ ಮುಂದಿನ ಹೆಸರಿಗೆ ಹೋಗುತ್ತಿದ್ದೆ.

ಹೆಸರು ಮಾರೆತ್.
ನಮ್ಮ ಕಂಪ್ಯೂಟರಿನಲ್ಲಿ ಮಾರಿಟ್.
ಸಾಮಿ ಜನರ ಆ ಅಕ್ಷರಕ್ಕೆ ನೆತ್ತಿಯ ಮೇಲೊಂದು ಗೀಟು ಬೇಕು,
ನಮ್ಮ ಕೀಲಿಮಣೆಯಲ್ಲಿ ಅದಿಲ್ಲ ಅಂದಿದ್ದೆವು.
ಇತ್ತು. ಎರಡು ಕೀಲಿ ಒತ್ತಬೇಕಿತ್ತು, ಅಷ್ಟೇ.

ಮೀಟಿಂಗಿನಲ್ಲಿ ಅವಳದು ಬಾಗಿಲ ಪಕ್ಕದ ಕುರ್ಚಿ,
ಎರಡೂ ಕೈ ಲೋಟದ ಸುತ್ತ.
ಸ್ಟೈನಾರ್ ಮಾತಾಡುತ್ತಿದ್ದ, ಮೇಜು ಗುದ್ದಿ, ನಕ್ಕು.
ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ,
ಇವಳೋ ಬಾಯಿಸತ್ತವಳು
ಅಂದುಕೊಂಡಿದ್ದೆ.

ಮೇ ತಿಂಗಳಲ್ಲಿ ಮೂರು ವಾರ ರಜೆ ಕೇಳಿದಳು,
ಅಣ್ಣನ ಹಿಮಸಾರಂಗಗಳು ಮರಿಹಾಕುವ ಕಾಲ.
ಕೊಟ್ಟೆ. ಏನು ಮಹಾ ಕೊರತೆ?

ಎರಡನೇ ದಿನಕ್ಕೆ ಪಟ್ಟಿಯ ಮೇಲೆ ಮೀನು ಗುಡ್ಡೆಬಿತ್ತು.
ಮೂರನೇ ದಿನ ತೆಸ್ಫಾಲೆಮ್ ಬೆರಳು ಕುಯ್ದುಕೊಂಡ.
ಸ್ಟೈನಾರ್ ಕೂಗಿದ, ಕೂಗಿದ.
ಯಾರಿಗೆ ಕೇಳಬೇಕು?
ಅಷ್ಟು ಗದ್ದಲ, ಎಲ್ಲರ ಕಿವಿಗೂ ಮುಚ್ಚಳ.

ಹೊಲಿಗೆ ಹಾಕಿಸಲು ಕರೆದೊಯ್ಯುವಾಗ ಕಾರಿನಲ್ಲಿ ಹುಡುಗ ಹೇಳಿದ,
‘ಅವಳಿದ್ದಿದ್ರೆ ಕೈ ತೋರಿಸ್ತಿದ್ಲು.’
ಯಾವ ಕೈ?
ಬ್ಯಾಂಡೇಜಿಲ್ಲದ ಕೈಯಲ್ಲಿ ಮಾಡಿ ತೋರಿಸಿದ:
ಅಂಗೈ ಅಡ್ಡ ಹಿಡಿದರೆ, ನಿಧಾನ.
ಎರಡು ಬೆರಳು ಮಡಿಚಿದರೆ, ಚೂರಿ ಮಸೆದುಕೋ.
ಕಿರುಬೆರಳು ಅಲ್ಲಾಡಿದರೆ,
ನೀನು ಹೋಗಿ ಕೂತ್ಕೋ, ನಿನ್ನ ಪಾಲೂ ನಾನೇ ಕುಯ್ತೀನಿ.
ಪೋಲೆಂಡಿನವರಿಗೆ ಗೊತ್ತು, ಲಿಥುವೇನಿಯಾದ ಮುದುಕಿಗೆ ಗೊತ್ತು,
ಸ್ಟೈನಾರನಿಗೂ ಗೊತ್ತಿತ್ತಂತೆ.
ನಾನಿದ್ದದ್ದು ಗಾಜಿನ ಕೋಣೆಯಲ್ಲಿ.
ಚಳಿಗೆ ಕೈ ಒದರುತ್ತಾಳೆ ಅಂತಲೇ ತಿಳಿದಿದ್ದೆ.

ಜೂನಿನಲ್ಲಿ ಬಂದಳು, ಕೆನ್ನೆಗೆ ಬಿಸಿಲು ಹತ್ತಿತ್ತು.
ಮೇಸ್ತ್ರಿ ಕೆಲಸ ಖಾಲಿಯಾಗಲಿದೆ, ಅರ್ಜಿ ಹಾಕು ಅಂದೆ.
‘ನಾಲ್ಕು ಸಲ ಹಾಕಿದ್ದೆ’ ಅಂದಳು,
ಅಂಗಡಿಯಲ್ಲಿ ರಶೀದಿ ತೋರಿಸುವವಳ ಹಾಗೆ.
ಮರೆತದ್ದಲ್ಲ ನಾನು.
ಓದಿರಲೇ ಇಲ್ಲ.

ಈಗ ಮತ್ತೆ ಡಿಸೆಂಬರು. ನಡುಮಧ್ಯಾಹ್ನವೂ ಕತ್ತಲೆ.
ಏಳನೇ ಕಲಮಿಗೆ ಒಂದೇ ಗೆರೆ ಜಾಗ.
ಮೊದಲು ಹೆಸರು ಸರಿಮಾಡೋಣವೆಂದು
ಆ ಎರಡು ಕೀಲಿ ಹುಡುಕುತ್ತಿದ್ದೇನೆ.
ಗಾಜಿನಾಚೆ ಅವಳು
ಅಂಗೈ ಅಡ್ಡ ಹಿಡಿದಿದ್ದಾಳೆ.
ನನಗಲ್ಲ.
ಆದರೂ ನಿಧಾನಿಸಿದೆ.