ಕೂಡದು ಎಂಬ ಮಾತು

ತಾಮ್ರ ಬಗೆದು ಬಗೆದು ಪೊಳ್ಳಾದ ಗುಡ್ಡ. ಬ್ಯೂಟ್ ಊರು, ಮೊಂಟಾನಾ.
ಗಣಿ ಮುಚ್ಚಿದ ಮೇಲೂ ನಿಂತಿರುವ ಕಬ್ಬಿಣದ ಗೋಪುರಗಳಲ್ಲಿ
ಒಂದರ ನೆತ್ತಿಗೆ ನಮ್ಮ ಕಂಪನಿ ಆಂಟೆನಾ ಬಿಗಿದಿದೆ.
ಅದರ ಬುಡದಲ್ಲಿ ನನ್ನ ಅಂಗಡಿ. ನನ್ನದು ಎಂದರೆ
ಎದೆಗೆ ಚುಚ್ಚಿಕೊಂಡ ಹೆಸರಿನ ಬಿಲ್ಲೆಯಷ್ಟೇ ನನ್ನದು.

ಎರಡು ಸಾವಿರದ ಆರು, ಫೆಬ್ರವರಿ. ಬೂಟಿನ ಹಿಮ ಕೊಡವದೆ
ಒಳಗೆ ಬಂದಳು ಮಾರ್ಲಿಸ್ ವುಕೊವಿಚ್, ಶಾಲೆಬಸ್ಸಿನ ಚಾಲಕಿ.
ಮಡಚುವ ಫೋನನ್ನು ಗಾಜಿನ ಮೇಲಿಟ್ಟಳು,
ಹಳಸಿದ ಮೀನನ್ನು ಅಂಗಡಿಗೆ ವಾಪಸು ತಂದವರ ಹಾಗೆ.

"ಇದರೊಳಗೆ ನನ್ನ ತಂಗಿಯ ಇನ್ನೂರ ಹನ್ನೆರಡು ಫೋಟೋ ಇವೆ.
ಡಿಸೆಂಬರಿನಲ್ಲಿ ಹೋದಳು. ಹೊರಗೆ ತೆಗೆದುಕೊಡು."

ತೆಗೆಯಬಹುದು, ಅಂದೆ. ಒಂದೊಂದಾಗಿ ಸಂದೇಶದಲ್ಲಿ ಕಳಿಸಿಕೊಳ್ಳಿ.
ಒಂದಕ್ಕೆ ಇಪ್ಪತ್ತೈದು ಸೆಂಟು.
ಅವಳು ಸೂರು ನೋಡಿ ಲೆಕ್ಕ ಹಾಕಿದಳು: ಐವತ್ತಮೂರು ಡಾಲರ್.
"ಡನೀಟ್ಸಾಳನ್ನು ನನಗೇ ಮಾರುತ್ತೀರಿ, ಚಿಲ್ಲರೆಯಲ್ಲಿ."

ಡಬ್ಬಿಯ ಮೇಲಿನ ನೀಲಿ ಗುರುತಿಗೆ ಉಗುರೂರಿದಳು. ಬ್ಲೂಟೂತ್.
ಸ್ಪೋಕೇನಿನ ಅಳಿಯನ ಹತ್ತಿರ ಇದೇ ಫೋನು, ಇದೇ ಬೆಳ್ಳಿ ಬಣ್ಣ,
ಕಂಪನಿ ಮಾತ್ರ ಬೇರೆ; ಅದು ಕಂಪ್ಯೂಟರಿಗೆ
ಗಾಳಿಯಲ್ಲೇ ಚಿತ್ರ ದಾಟಿಸುತ್ತದಂತೆ, ಬಿಟ್ಟಿ.

ನಾನು ತರಬೇತಿಯಲ್ಲಿ ಕಲಿತದ್ದನ್ನು ಹೇಳಿದೆ:
ಈ ಮಾಡೆಲಿಗೆ ಆ ಸೌಲಭ್ಯ ಇಲ್ಲ.

ಇಲ್ಲ, ಆಗದು, ಕೂಡದು. ಮೂರೂ ಬೇರೆ ಮಾತು.
ಫೋನಿನಲ್ಲಿ ಅದು ಇದೆ. ಫೋನಿನಿಂದ ಅದು ಆಗುತ್ತದೆ.
ಕೂಡದು ಅಂದವರು ನಾವು, ಬಾಯಲ್ಲಿ ಬರುವುದು ಮಾತ್ರ ಇಲ್ಲ.
ದೇವರು ಕೊಟ್ಟರೂ ಪೂಜಾರಿ ಕೊಡ; ಇಲ್ಲಿ ಆ ಪೂಜಾರಿಗೆ
ಹಸಿರು ಅಂಗಿ, ತಿಂಗಳ ಗುರಿ, ಊಟಕ್ಕೆ ಅರ್ಧ ಗಂಟೆ.

ಶನಿವಾರ ಸಂಜೆ ನಾನೂ ಬಟ್ಟೆ ಒಗೆಯಬೇಕಲ್ಲ.
ಲಾಂಡ್ರಿಯಲ್ಲಿ, ಒಣಗಿಸುವ ಯಂತ್ರದ ಬಿಸಿ ನೆತ್ತಿಯ ಮೇಲೆ
ನಾಲ್ಕು ಫೋನು ಸಾಲಾಗಿ ನಡುಗುತ್ತಿವೆ.
ಗಣಿಯಲ್ಲಿ ಅದಿರು ತೂಗುತ್ತಿದ್ದ ಆರ್ವೋ ನೀಮಿ
ಹಳೇ ರಸೀದಿಯ ಬೆನ್ನಿಗೆ ಗೆರೆ ಎಳೆದಿದ್ದಾನೆ:
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಯಾರಿಗೆ ಎಷ್ಟು ಕಡ್ಡಿ,
ಬಿಲ್ಲಿನ ಬಾಲಕ್ಕೆ ಅಂಟಿದ ಸುಂಕ ಎಷ್ಟು,
ಒಪ್ಪಂದ ಮುರಿದರೆ ದಂಡ. ಕೊನೆಯ ಸಾಲು:
ಯಾರು ಏನನ್ನು ಕತ್ತರಿಸಿದ್ದಾರೆ.
ಒಬ್ಬರು ಸಿಮ್ಮಿಗೆ ಬೀಗ ಜಡಿದವರು,
ಒಬ್ಬರು ತಮ್ಮಲ್ಲೇ ಕೊಳ್ಳದ ಹಾಡು ಮೊಳಗಗೊಡದವರು.
ನಮ್ಮ ಹೆಸರಿನ ಮುಂದೆ ಜಾಗ ಸಾಲದೆ
ಬರಹ ಅಂಚಿಗೆ ಹೊರಳಿತ್ತು.

ನನ್ನನ್ನು ಕಂಡು ಯಾರೂ ಮಾತು ನಿಲ್ಲಿಸಲಿಲ್ಲ.
ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಚಿತ್ರಕ್ಕೆ ಅಳಿಯನ ಕಂಪನಿಯೇ ವಾಸಿ," ಆರ್ವೋ ಪೆನ್ಸಿಲ್ ತಟ್ಟಿದ,
"ಕಣಿವೆ ಹೊಕ್ಕರೆ ಮಾತ್ರ ಅದು ಬರೀ ಕಲ್ಲು."
ಮಾರ್ಲಿಸ್ ಕಾಲುಚೀಲ ಜೋಡಿಸುತ್ತಲೇ ಇದ್ದಳು.
ಅವಳ ಬಸ್ಸು ದಿನಕ್ಕೆರಡು ಸಲ ಆ ಕಣಿವೆ ಹಾಯುತ್ತದೆ,
ಹತ್ತೊಂಬತ್ತು ಮಕ್ಕಳು. ಹೋದ ಚಳಿಗಾಲ ಚಕ್ರ ಜಾರಿ
ಹಳ್ಳದಂಚಿಗೆ ವಾಲಿ ನಿಂತಾಗ
ಪರದೆಯ ಮೇಲಿದ್ದದ್ದು ನಮ್ಮ ಒಂದೇ ಒಂದು ಕಡ್ಡಿ.
ಅದರಲ್ಲೇ ಕರೆ ಹೋಯಿತು.
ಆ ಕಡ್ಡಿಯೂ ನಿಜ. ಅದನ್ನೂ ಬರೆಯಬೇಕು.

ಸೋಮವಾರ ಬಂದಳು, ಇನ್ನೆರಡು ವರ್ಷಕ್ಕೆ ಸಹಿ ಹಾಕಲು.
ಪೆನ್ನು ಕೊಡುವ ಮುಂಚೆ ಹೇಳಿಬಿಟ್ಟೆ,
ಮ್ಯಾನೇಜರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅಲ್ಲ:
ಆ ಸೌಲಭ್ಯ ಇದೆ. ನಾವು ಮುಚ್ಚಿದ್ದೇವೆ.

"ಗೊತ್ತು," ಅಂದಳು. "ನಿನ್ನ ಬಾಯಿಗೆ ಬರುತ್ತದೋ ಅಂತ ಕಾಯುತ್ತಿದ್ದೆ."

ಹೊಸ ಫೋನು ಪುಕ್ಕಟೆ ಅಂದರೂ ಬೇಡ ಅಂದಳು.
ಹಳೆಯದನ್ನು ಮಡಚುವ ಮುನ್ನ ನನ್ನ ಕಡೆ ತಿರುಗಿಸಿದಳು, ಒಂದೇ ಗಳಿಗೆ:
ಯಾವುದೋ ಸರೋವರ, ದೋಣಿಯ ಮೂತಿ,
ತಂಗಿ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದಿದ್ದಾಳೆ.
ಕೂಡದು ಅನ್ನುವ ಕೈ.
ಬೆರಳಿನ ಸಂದಿಯಿಂದ ಹಲ್ಲು, ನಗು, ಒಂದು ಕಣ್ಣು.