ಪಾಲುಪಟ್ಟಿ

ಅರ್ಜಿಯ ಮೊದಲ ಪ್ರಶ್ನೆ: ನೀವು ನೌಕರರೇ?
ಅಲ್ಲ ಅಂತ ಗುರುತು ಹಾಕಿದೆ.
ಎರಡನೆಯದು: ಹೆರುವವರು ನೀವೇ?
ಅದಕ್ಕೂ ಅಲ್ಲ.
ಮೂರನೆಯದಕ್ಕೆ ದಾರಿಯೇ ಇರಲಿಲ್ಲ.
ಪರದೆ ಮೆಲ್ಲಗೆ ಬೂದಿಬಣ್ಣಕ್ಕೆ ತಿರುಗಿ
'ನಿಮಗೆ ಅನ್ವಯಿಸುವುದಿಲ್ಲ' ಅಂದಿತು.

ಡಂಡೀ ಊರಿಗೆ ಆಗ ನವೆಂಬರ್.
ನಾಲ್ಕಕ್ಕೇ ಟೇ ನದಿಯ ಮೇಲೆ ಕತ್ತಲು,
ಸೇತುವೆಯ ಮೇಲೊಂದು ರೈಲು
ತನ್ನ ಕಿಟಕಿಗಳನ್ನು ತಾನೇ ಎಣಿಸಿಕೊಳ್ಳುತ್ತ ಹೋಗುತ್ತಿತ್ತು.
ಇಶ್ಬೆಲ್ ಸೋಫಾದಲ್ಲಿ ಕಾಲು ಚಾಚಿ
ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಟೋಸ್ಟು ತಿನ್ನುತ್ತಿದ್ದಳು.
ಒಳಗಿಂದ ಒದೆ ಬಿದ್ದು ತಟ್ಟೆ ಒಮ್ಮೆ ನೆಗೆಯಿತು.
'ನನಗೆ ಇಪ್ಪತ್ತಾರು ವಾರ ಕೊಟ್ಟಿದ್ದಾರೆ,
ಹತ್ತು ನಿನಗೆ' ಅಂದಳು,
ಟೋಸ್ಟಿನ ಅಂಚು ಮುರಿದು ಕೊಟ್ಟಷ್ಟು ಸಲೀಸಾಗಿ.

ಹೊಲವಲ್ಲ, ಮನೆಯಲ್ಲ, ಕೊಟ್ಟಿಗೆಯ ಹಸುವಲ್ಲ,
ನಾವು ಪಾಲು ಮಾಡಿಕೊಳ್ಳಲು ಕೂತದ್ದು ವಾರಗಳನ್ನು.
ಮೀನಂಗಡಿಯವರು ಕೊಟ್ಟ ಕ್ಯಾಲೆಂಡರು,
ಅವಳದಕ್ಕೆ ಕೆಂಪು, ನನ್ನದಕ್ಕೆ ನೀಲಿ.

ಕಚೇರಿಯಲ್ಲಿ ಎಫೀ ಗೆಡ್ಡೆಸ್ ಕನ್ನಡಕ ಮೇಲಕ್ಕೆ ತಳ್ಳಿದಳು:
'ಅವಳ ಹೆಸರಲ್ಲಿ ಇರೋದು ಕಣಪ್ಪ.
ಅವಳು ಬೇಡ ಅಂದ್ರೆ ನಿನಗೆ ಬರಲ್ಲ,
ಯಾರಿಗೂ ಬರಲ್ಲ, ಹಾಗೇ ಹೋಗತ್ತೆ.'
ಎಲ್ಲಿಗೆ ಅಂತ ಕೇಳಿದೆ.
ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ.

ವ್ಯಾಸಂಗ ತಾತ್ಕಾಲಿಕ ಸ್ಥಗಿತ: ಇನ್ನೊಂದು ಅರ್ಜಿ.
ಕಾರಣ: ಕಾಯಿಲೆ, ಸಾವು, ಇತರೆ.
ಬಿಡಿಗಾಸಿಲ್ಲದ ಹತ್ತು ವಾರಕ್ಕೆ ಸಹಿ ಮಾಡಿದೆ.
ಡಿಸೆಂಬರಿನಲ್ಲಿ ಹುಟ್ಟಿದ ನನ್ನ ಮಗಳು ರೋನಾ
ವಿಶ್ವವಿದ್ಯಾಲಯದ ಕಡತದಲ್ಲಿ ಇವತ್ತಿಗೂ ಇತರೆ.

ಎಫೀ ಅರ್ಜಿಗೆ ಮುದ್ರೆ ಒತ್ತಿ, ಆಮೇಲೆ ತಗ್ಗಿದ ದನಿಯಲ್ಲಿ:
'ನಮ್ಮ ತಾತನೂ ಮನೇಲೇ ಇದ್ದ.
ಸೆಣಬಿನ ಗಿರಣಿಗೆ ಹೆಂಗಸರು ಸಾಕು,
ಕೂಲಿ ಕಡಿಮೆ ಅಂತ.
ಗಂಡಸರು ಒಲೆ ಹತ್ತಿರ.
ಊರು ಅವರಿಗೆ ಹೆಸರಿಟ್ಟಿತ್ತು, ಕೆಟಲು ಕಾಯಿಸೋರು.
ನಮ್ಮಜ್ಜಿಗೆ ಜಡೆ ಹೆಣೆಯೋಕೆ ಬರ್ತಿರಲಿಲ್ಲ,
ನಮ್ಮಮ್ಮಂಗೆ ಹೆಣೀತಿದ್ದೋನು ಆತನೇ.'

ಏಪ್ರಿಲಿಗೆ ಇಶ್ಬೆಲ್ ಪ್ರಯೋಗಾಲಯಕ್ಕೆ ಹೊರಟಳು.
ನಾನು ಸೈಕಲ್ಲು ಮಾರಿ ಕೆಟಲು ಇಟ್ಟೆ.

ನನ್ನ ಸಂಶೋಧನೆ ಬಂಡೆಗೆ ಕಚ್ಚಿಕೊಂಡ ಚಿಪ್ಪುಹುಳುಗಳದ್ದು.
ಪ್ರತಿ ಹುಣ್ಣಿಮೆಯ ಇಳಿತಕ್ಕೆ
ಮೊಣಕಾಲೂರಿ ಅವನ್ನು ಎಣಿಸಬೇಕು.
ನಕ್ಷೆಯಲ್ಲಿ ಈಗ ಎರಡೂವರೆ ತಿಂಗಳು ತೂತು.
ಮಾರ್ಗದರ್ಶಕರು ಕೇಳಿದರು, ಇದನ್ನು ಹೇಗೆ ವಿವರಿಸುತ್ತೀ?
ನನ್ನ ಕಡಲದಂಡೆಯ ಪುಸ್ತಕದಲ್ಲಿ ಬರೆದದ್ದು ಇಷ್ಟು:
ಜೂನ್ ಹನ್ನೊಂದು, ಮಂಗಳವಾರ, ಮೋಡ.
ಕೆಳದವಡೆ, ಎಡಕ್ಕೆ, ಒಂದು.
ಬೆರಳಿಗೆ ಗೀರುತ್ತದೆ, ಕಣ್ಣಿಗೆ ಕಾಣದು.

ಅವಳನ್ನು ಮಲಗಿಸುತ್ತಿದ್ದುದು ಹಳೆಯ ಲೆಕ್ಕ ಓದಿ:
ಚೌಕ ಹದಿನಾಲ್ಕು, ಬದುಕಿದ್ದು ಇನ್ನೂರ ಆರು, ಸತ್ತದ್ದು ಹತ್ತೊಂಬತ್ತು.
ಸತ್ತದ್ದರ ಹೊತ್ತಿಗೆ ನಿದ್ದೆ.

ಒಂದು ಸಂಜೆ, ಐದೂವರೆ.
ಇಶ್ಬೆಲ್ ಬಂದಳು, ಕೋಟು ತೆಗೆಯಲಿಲ್ಲ,
ಎದೆಯ ಮೇಲೆ ಅಂಗೈಯಗಲದ ಎರಡು ಒದ್ದೆ ಕಲೆ.
ಮಧ್ಯಾಹ್ನದ ಸಭೆಯಲ್ಲಿ
ಇನ್ನಾರದ್ದೋ ಮಗು ಫೋನಿನಲ್ಲಿ ಅತ್ತಿತಂತೆ.
ಕೈ ಚಾಚಿದಳು.
ರೋನಾ ನೋಡಿದಳು, ಪೂರ್ತಿ ನೋಡಿದಳು,
ಮತ್ತೆ ನನ್ನ ಹೆಗಲಿಗೆ ಮುಖ ಒತ್ತಿಕೊಂಡಳು.

ಚಾಚಿದ ಕೈ ಹಾಗೇ ಇತ್ತು.
ನಾನು ಏನು ಹೇಳಲಿ?
ನನ್ನ ಪಾಲಿಗೆ ಬಂದದ್ದರಲ್ಲಿ ಇದೂ ಇತ್ತು,
ಪಟ್ಟಿಯಲ್ಲಿ ನಾವು ಬರೆದಿರಲಿಲ್ಲ.
ಗೋಡೆಯ ಮೇಲೆ ನೀಲಿ ಇನ್ನು ಒಂದೇ ವಾರ.
ಕೆಟಲು ಕೂಗತೊಡಗಿತು.
ಇಬ್ಬರೂ ಏಳಲಿಲ್ಲ.